ತಪ್ಪಿದ್ದು ರೈಲು, ದಾರಿಯಲ್ಲ

ಮಾರ್ಚ್ 6

ದೊಡ್ಡಮ್ಮನಿಗೆ ನಮಸ್ಕಾರ.

ನನ್ನ ಹದಿನಾರನೆಯ ಹುಟ್ಟುಹಬ್ಬಕ್ಕೆ ನೀವು ಕಳಿಸಿದ ಕಾರ್ಡು ಬಂತು. ಅದರಲ್ಲಿ ನಾಲ್ಕು ಸಾಲುಗಳಿವೆ. ಮೂರು ಸಾಲು ಪ್ರತಿ ವರ್ಷ ಬರುವಂಥವೇ. ನಾಲ್ಕನೆಯದು ಹೊಸದು. ‘ನಮ್ಮ ಆಸ್ಪತ್ರೆ ಲಾಂಡ್ರಿಗೆ ಹೊಸ ಮಿಷನ್ ಬಂದಿದೆ, ಒಂದೇ ಸಲಕ್ಕೆ ನೂರಿಪ್ಪತ್ತು ಕಿಲೋ ಬಟ್ಟೆ ಒಗೆಯುತ್ತೆ, ಒಂದು ಸಲ ಬಾ, ತೋರಿಸ್ತೀನಿ’ ಎಂದು ಬರೆದಿದ್ದೀರಿ.

ನಾನು ಬರುತ್ತೇನೆ.

ನೂರಿಪ್ಪತ್ತು ಕಿಲೋ ಎಂದರೆ ನಮ್ಮ ಮನೆಯ ಮಿಷನ್ನಿನ ಹದಿನೇಳು ಪಟ್ಟಿನ ಮೇಲೂ ಒಂದು ಕಿಲೋ! ನಮ್ಮದು ಏಳು ಕಿಲೋದ್ದು, ಮುಂದೆ ಗಾಜಿನ ಬಾಗಿಲು ಇರುವಂಥದ್ದು. ಅದು ತಿರುಗುವಾಗ ನಾನು ಎದುರಿಗೆ ಮಣೆ ಹಾಕಿಕೊಂಡು ಕೂರುತ್ತೇನೆ. ಅಮ್ಮ ‘ಸಿನಿಮಾ ಶುರುವಾಯ್ತು’ ಎನ್ನುತ್ತಾಳೆ. ಚಿಕ್ಕವಳಿದ್ದಾಗ ಪಾತ್ರೆಯ ಮುಚ್ಚಳಗಳನ್ನೆಲ್ಲ ನೆಲದ ಮೇಲೆ ತಿರುಗಿಸುತ್ತಿದ್ದೆನೆಂದು ನನಗೆ ಗಿರಗಿಟ್ಲೆ ಎಂದು ಹೆಸರಿಟ್ಟವರು ನೀವೇ ಅಂತೆ. ಆದ್ದರಿಂದ ನಿಮಗೆ ಅರ್ಥವಾಗುತ್ತದೆ.

ಕೆಲವು ಪ್ರಶ್ನೆಗಳಿವೆ. ಡ್ರಮ್ಮು ನಿಮಿಷಕ್ಕೆ ಎಷ್ಟು ಸುತ್ತು ಸುತ್ತುತ್ತದೆ? ಒಂದೇ ದಿಕ್ಕಿಗೋ, ಎರಡೂ ದಿಕ್ಕಿಗೋ? ಗಾಜಿನ ಕಿಟಕಿ ಇದೆಯೇ? ಇಲ್ಲದಿದ್ದರೆ ಬೇಜಾರಿಲ್ಲ, ಶಬ್ದ ಕೇಳಿದರೂ ಸಾಕು.

ಉತ್ತರವನ್ನು ಫೋನ್ ಮಾಡಿ ಹೇಳಬೇಡಿ. ಫೋನಿನಲ್ಲಿ ಮಾತು ಹಾರಿಹೋಗುತ್ತದೆ. ಕಾಗದದಲ್ಲಾದರೆ ಕೂತಿರುತ್ತದೆ.

ಇತಿ,
ಗಿರಗಿಟ್ಲೆ


ಮಾರ್ಚ್ 14

ಮಗಳೇ ಗಿರಗಿಟ್ಲೆ,

ನಿನ್ನ ಕಾಗದ ನೋಡಿ ನನಗೆ ಕೈಕಾಲೇ ಆಡಲಿಲ್ಲ. ನನಗೆ ಯಾರೂ ಕಾಗದ ಬರೆಯುವುದಿಲ್ಲ. ಬರುವುದೆಲ್ಲ ಸೋಪಿನ ಪುಡಿಯ ಕಂಪನಿಯವರ ಪಟ್ಟಿ. ನಿನ್ನ ಅಕ್ಷರ ಎಷ್ಟು ಗುಂಡಗಿದೆ!

ನಿನಗೆ ಬರಬೇಕು ಅನಿಸಿದ್ದು ಸಂತೋಷ. ಆದರೆ ಕಂದಾ, ಕಾರ್ಡಿನಲ್ಲಿ ನಾನು ಬರೆದದ್ದು ಮಾತಿಗೆ ಬರೆದದ್ದು. ನೀನು ಬರುವುದೆಂದರೆ ಸುಮ್ಮನೆ ಆಯಿತೇ? ಆರು ಗಂಟೆಯ ದಾರಿ. ನಡುವೆ ಜಂಕ್ಷನ್ನಿನಲ್ಲಿ ರೈಲು ಬದಲಾಯಿಸಬೇಕು. ಅಲ್ಲಿ ಜನವೋ ಜನ, ಗದ್ದಲವೋ ಗದ್ದಲ. ನಿನಗೆ ಗದ್ದಲ ಆಗುವುದಿಲ್ಲ. ಜನ ನೋಡುತ್ತಾರೆ, ಏನಾದರೂ ಅನ್ನುತ್ತಾರೆ. ನಿಮ್ಮಮ್ಮನಿಗೆ ಕನ್ನಡಕದ ಅಂಗಡಿಯಲ್ಲಿ ಭಾನುವಾರ ಬಿಟ್ಟರೆ ರಜೆ ಇಲ್ಲ, ನಿಮ್ಮಪ್ಪ ಹಡಗಿನಿಂದ ಇಳಿಯುವುದು ಜುಲೈಗೆ. ನಿನ್ನನ್ನು ಕರೆತರುವವರು ಯಾರು? ಇನ್ನೂ ಸ್ವಲ್ಪ ದೊಡ್ಡವಳಾಗು, ಆಮೇಲೆ ನೋಡೋಣ. ಜನ ನೋಡುತ್ತಾರೆ ಎಂಬುದನ್ನು ಮರೆಯಬೇಡ, ಇದು ನಿನ್ನ ಒಳ್ಳೆಯದಕ್ಕೇ ಹೇಳುವುದು.

ನೀನು ಕೇಳಿದ್ದಕ್ಕೆ: ಕಿಟಕಿ ಇದೆ, ದುಂಡಗೆ, ಊಟದ ತಟ್ಟೆಯಷ್ಟು. ಸುತ್ತು ಎಷ್ಟೋ ನನಗೆ ತಿಳಿಯದು. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸದಲ್ಲಿದ್ದೇನೆ, ಒಬ್ಬರೂ ಕೇಳಿರಲಿಲ್ಲ. ಆದರೆ ಒಂದು ವಿಷಯ ಕೇಳು. ಈ ಮಿಷನ್ನಿಗೆ ಎರಡು ಬಾಗಿಲು! ಅದನ್ನು ಗೋಡೆಯೊಳಗೇ ಕೂರಿಸಿದ್ದಾರೆ. ಈ ಕೋಣೆಯ ಬಾಗಿಲಿನಿಂದ ಕೊಳೆಬಟ್ಟೆ ತುಂಬುತ್ತೇವೆ, ಆ ಕೋಣೆಯ ಬಾಗಿಲಿನಿಂದ ಶುಭ್ರವಾದದ್ದನ್ನು ತೆಗೆಯುತ್ತೇವೆ. ಎರಡೂ ಬಾಗಿಲು ಒಟ್ಟಿಗೆ ತೆರೆಯುವುದೇ ಇಲ್ಲ. ಕೊಳೆಯ ಕಡೆಯವರು ಶುಭ್ರದ ಕಡೆಗೆ ಕಾಲಿಡುವಂತಿಲ್ಲ.

ಅಮ್ಮ ಹೇಗಿದ್ದಾಳೆ? ನಾನು ಕೇಳಿದೆನೆಂದು ಹೇಳಬೇಕೆಂದೇನಿಲ್ಲ.

ದೊಡ್ಡಮ್ಮ


ಮಾರ್ಚ್ 18

ದೊಡ್ಡಮ್ಮನಿಗೆ ನಮಸ್ಕಾರ.

ಎರಡು ಬಾಗಿಲು! ಈ ಮಾತನ್ನು ನಾನು ಹನ್ನೊಂದು ಸಲ ಓದಿದೆ. ಓದುವಾಗ ನನ್ನ ಕೈಗಳು ಎಷ್ಟು ಅಲುಗಾಡಿದವೆಂದರೆ ಕಾಗದದ ಒಂದು ಮೂಲೆ ಹರಿದುಹೋಯಿತು. ಖುಷಿಯಾದಾಗ ನನ್ನ ಕೈಗಳು ಹಕ್ಕಿಯ ರೆಕ್ಕೆಯಂತೆ ಆಡುತ್ತವೆ. ಅದನ್ನು ತಡೆದರೆ ಖುಷಿ ಒಳಗೇ ಉಳಿದು ಹೊಟ್ಟೆನೋವು ಬರುತ್ತದೆ.

ಈಗ ನಿಮ್ಮ ಆಕ್ಷೇಪಗಳಿಗೆ ಉತ್ತರ.

‘ಮಾತಿಗೆ ಬರೆದದ್ದು’ ಎಂದರೆ ಏನು? ಮಾತಿಗಲ್ಲದೆ ಬೇರೆ ಯಾತಕ್ಕೆ ಬರೆಯುತ್ತಾರೆ? ಒಂದು ಅರ್ಥ ಹೇಳಿ ಇನ್ನೊಂದು ಅರ್ಥ ಇಟ್ಟುಕೊಳ್ಳುವ ಮಾತುಗಳಿಗೆಂದೇ ನನ್ನ ಹತ್ತಿರ ಒಂದು ನೋಟುಪುಸ್ತಕವಿದೆ. ‘ಕೈ ಕೊಡುವುದು’ ಎಂದರೆ ಮೋಸ ಮಾಡುವುದು, ‘ಕೈ ಜೋಡಿಸುವುದು’ ಎಂದರೆ ಸಹಾಯ ಮಾಡುವುದು. ಕೈ ಅದೇ. ನಿಮ್ಮ ‘ಕೈಕಾಲೇ ಆಡಲಿಲ್ಲ’ ಕೂಡ ಅಲ್ಲಿ ಸೇರಿತು.

ಗದ್ದಲಕ್ಕೆ ನನ್ನ ಹತ್ತಿರ ಕಿವಿಗೆ ಹಾಕುವ ದೊಡ್ಡ ಮುಚ್ಚಳಗಳಿವೆ, ರಸ್ತೆ ಅಗೆಯುವವರು ಹಾಕಿಕೊಳ್ಳುವಂಥವು. ಕರೆತರುವವರು ಯಾರು ಎಂದು ಕೇಳಿದ್ದೀರಿ. ನಾನೇ. ಊರೊಳಗೆ ಹದಿನಾಲ್ಕನೇ ನಂಬರಿನ ಬಸ್ಸಿನಲ್ಲಿ ಒಂದು ವರ್ಷದಿಂದ ಒಬ್ಬಳೇ ಶಾಲೆಗೆ ಹೋಗಿಬರುತ್ತಿದ್ದೇನೆ. ರೈಲು ಬಸ್ಸಿಗಿಂತ ಸುಲಭ, ಅದು ಹಳಿ ಬಿಟ್ಟು ಬೇರೆ ಕಡೆ ಹೋಗುವುದಿಲ್ಲ.

‘ಜನ ನೋಡುತ್ತಾರೆ’ ಎಂದು ಎರಡು ಸಲ ಬರೆದಿದ್ದೀರಿ. ಆರು ವರ್ಷದ ಹಿಂದೆ ಚಪ್ಪಲಿ ಅಂಗಡಿಯಲ್ಲೂ ಇದನ್ನೇ ಹೇಳಿದ್ದಿರಿ. ಅಲ್ಲಿ ಕಳ್ಳತನ ತಡೆಯುವ ಎಚ್ಚರಿಕೆ ಗಂಟೆ ಹೊಡೆದುಕೊಂಡಿತು, ನಿಲ್ಲಲೇ ಇಲ್ಲ, ನಾನು ಕಿವಿ ಮುಚ್ಚಿಕೊಂಡು ನೆಲದ ಮೇಲೆ ಮಲಗಿ ಕಿರುಚಿದೆ. ನೀವು ಅಮ್ಮನಿಗೆ ‘ಎಲ್ರೂ ನೋಡ್ತಿದಾರೆ ಕಣೇ. ಇವಳನ್ನ ಜನರ ಮಧ್ಯೆ ಯಾಕೆ ಕರ್ಕೊಂಡ್ ಬರ್ತೀಯ? ಮನೇಲೇ ಇಟ್ಕೋಬಾರ್ದಾ?’ ಎಂದಿರಿ. ಅಮ್ಮ ಒಂದು ಕಾಲಿಗೆ ಹೊಸ ಚಪ್ಪಲಿ, ಒಂದು ಕಾಲಿಗೆ ಹಳೆಯದು ಹಾಕಿಕೊಂಡೇ ನನ್ನನ್ನು ಎತ್ತಿಕೊಂಡು ಹೊರಗೆ ಬಂದಳು. ಅದಾದ ಮೇಲೆ ನೀವಿಬ್ಬರೂ ಮಾತಾಡಿಲ್ಲ.

ಇದನ್ನು ಬರೆದದ್ದು ಬೈಯುವುದಕ್ಕಲ್ಲ. ಜನ ನೋಡಿದರೆ ಏನಾಗುತ್ತದೆ ಎಂದು ಕೇಳುವುದಕ್ಕೆ. ನಾನೂ ಮಿಷನ್ನನ್ನು ಗಂಟೆಗಟ್ಟಲೆ ನೋಡುತ್ತೇನೆ. ಅದಕ್ಕೇನೂ ಆಗುವುದಿಲ್ಲ.

ಸುತ್ತುಗಳನ್ನು ದಯವಿಟ್ಟು ಎಣಿಸಿ.

ಗಿರಗಿಟ್ಲೆ


ಮಾರ್ಚ್ 29

ಗಿರಗಿಟ್ಲೆ,

ತಡವಾಯಿತು. ಮೂರು ಸಲ ಬರೆದು ಹರಿದೆ.

ಚಪ್ಪಲಿ ಅಂಗಡಿಯಲ್ಲಿ ನಾನು ಹಾಗೆ ಅಂದದ್ದು ನಿಜ ಮಗಳೇ. ನೀನು ಕಿರುಚುತ್ತಿದ್ದೆ, ನಿನಗೇನೂ ಕೇಳಿಸಿರಲಿಕ್ಕಿಲ್ಲ ಎಂದುಕೊಂಡಿದ್ದೆ. ಆರು ವರ್ಷ ಅದನ್ನೇ ನಂಬಿಕೊಂಡು ನೆಮ್ಮದಿಯಾಗಿದ್ದೆ.

ಇರಲಿ. ಉತ್ತರ ಇರುವ ಪ್ರಶ್ನೆಗೆ ಬರುತ್ತೇನೆ. ಎಣಿಸಿದೆ! ಮೊನ್ನೆ ಊಟದ ಹೊತ್ತಿನಲ್ಲಿ ಎಲ್ಲರೂ ಹೋದ ಮೇಲೆ ಕಿಟಕಿಯ ಮುಂದೆ ಬಕೆಟ್ಟು ಬೋರಲು ಹಾಕಿಕೊಂಡು ಕೂತೆ. ಒಂದು ಕೆಂಪು ಪಟ್ಟಿಯ ಹಾಸುವಸ್ತ್ರದ ಮೇಲೆ ಕಣ್ಣಿಟ್ಟೆ. ನಿಮಿಷಕ್ಕೆ ಮೂವತ್ತಾರು ಸುತ್ತು. ಹನ್ನೆರಡು ಸೆಕೆಂಡು ಬಲಕ್ಕೆ, ಆಮೇಲೆ ಮೂರು ಸೆಕೆಂಡು ಸುಮ್ಮನೆ, ಹನ್ನೆರಡು ಸೆಕೆಂಡು ಎಡಕ್ಕೆ. ಆ ಮೂರು ಸೆಕೆಂಡು ಇದೆಯಲ್ಲ, ಆಗ ಬಟ್ಟೆಯೆಲ್ಲ ಒಟ್ಟಿಗೆ ದೊಪ್ಪೆಂದು ಬೀಳುತ್ತದೆ. ಯಾರೋ ದೊಡ್ಡ ಮನುಷ್ಯ ಮಗ್ಗುಲು ಬದಲಾಯಿಸಿ ಉಸಿರು ಬಿಟ್ಟಂತೆ. ಇಪ್ಪತ್ತು ನಿಮಿಷ ಕೂತಿದ್ದೆ ಕಣೇ! ಊಟ ಆರಿಹೋಯಿತು. ಇಸ್ತ್ರಿ ರೋಲರಿನ ಹೆಂಗಸು ಬಂದು ‘ಏನಕ್ಕಾ, ತಲೆ ಸುತ್ತು ಬಂತಾ?’ ಅಂದಳು. ‘ಹೂಂ, ಮೂವತ್ತಾರು ಸುತ್ತು’ ಅಂದೆ.

ನೀನು ಬರುವುದೇ ಆದರೆ ಯಾವ ದಿನ? ಹೊಟ್ಟೆಗೆ ಏನು ಆಗುತ್ತದೆ, ಏನು ಆಗುವುದಿಲ್ಲ? ಮಲಗುವ ಕೋಣೆಯ ದೀಪ ಹೇಗಿರಬೇಕು? ಎಲ್ಲಕ್ಕಿಂತ ಮುಖ್ಯವಾದದ್ದು, ನಿಮ್ಮಮ್ಮ ಏನಂದಳು?

ದೊಡ್ಡಮ್ಮ


ಏಪ್ರಿಲ್ 2

ದೊಡ್ಡಮ್ಮನಿಗೆ ನಮಸ್ಕಾರ.

ಮೂವತ್ತಾರು! ನಮ್ಮದು ನಲವತ್ತೆಂಟು. ದೊಡ್ಡದು ನಿಧಾನವಾಗಿ ಸುತ್ತುತ್ತದೆ ಎಂದು ನಾನು ಊಹಿಸಿದ್ದೆ, ಊಹೆ ಸರಿಯಾಯಿತು. ಆ ಮೂರು ಸೆಕೆಂಡನ್ನು ನಾನು ಕೇಳಲೇಬೇಕು.

ಅಮ್ಮ ಏನೂ ಅನ್ನಲಿಲ್ಲ.

ದಿನ: ಏಪ್ರಿಲ್ 16. ನಮಗೆ ಶಾಲೆಗೆ ರಜೆ. ಬೆಳಿಗ್ಗೆ 6:55ಕ್ಕೆ ಹದಿನಾಲ್ಕನೇ ನಂಬರಿನ ಬಸ್ಸು. 7:40ಕ್ಕೆ ರೈಲು. ಜಂಕ್ಷನ್ನಿಗೆ 10:05. ಅಲ್ಲಿ ನಾಲ್ಕನೇ ಪ್ಲಾಟ್‌ಫಾರ್ಮಿನಿಂದ 10:50ರ ರೈಲು. ನಿಮ್ಮೂರಿಗೆ 1:30. ಒಂದು ವೇಳೆ ಆ ರೈಲು ತಪ್ಪಿದರೆ 1:15ಕ್ಕೆ ಇನ್ನೊಂದಿದೆ, ಅದು 3:55ಕ್ಕೆ ಬರುತ್ತದೆ. ಆದರೆ ತಪ್ಪುವುದಿಲ್ಲ. ನಿಮ್ಮ ಮಿಷನ್ನುಗಳು ನಾಲ್ಕಕ್ಕೆ ನಿಲ್ಲುತ್ತವೆ ಎಂದು ಆಸ್ಪತ್ರೆಯ ಜಾಲತಾಣದಲ್ಲಿ ನೋಡಿದೆ, ಆದ್ದರಿಂದ ತಪ್ಪಬಾರದು.

ಊಟ: ಬಿಸಿಯಾದದ್ದು ಆರಿದರೆ ಪರವಾಗಿಲ್ಲ. ಒಂದಕ್ಕೊಂದು ತಾಗಬಾರದು ಅಷ್ಟೇ. ದೀಪ ಯಾವುದಾದರೂ ಸರಿ, ಗುಂಯ್‌ಗುಡುವುದು ಬೇಡ.

ಜೇಬಿನಲ್ಲಿ ಒಂದು ಚೀಟಿ ಇರುತ್ತದೆ. ಅದರಲ್ಲಿ ಹೀಗೆ ಬರೆದಿದ್ದೇನೆ: ‘ನನಗೆ ಆಟಿಸಂ ಇದೆ. ನಾನು ಕಳೆದುಹೋಗಿಲ್ಲ. ತುಂಬ ಗದ್ದಲವಾದರೆ ನನಗೆ ಮಾತು ಬರುವುದಿಲ್ಲ, ಸ್ವಲ್ಪ ಹೊತ್ತು ಬಿಟ್ಟರೆ ಬರುತ್ತದೆ. ನಾನು ನನ್ನ ದೊಡ್ಡಮ್ಮನ ಮನೆಗೆ ಹೋಗುತ್ತಿದ್ದೇನೆ.’ ಕೆಳಗೆ ನಿಮ್ಮ ಫೋನ್ ನಂಬರು.

ಇನ್ನು ಹದಿನಾಲ್ಕು ದಿನ!

ಗಿರಗಿಟ್ಲೆ


ಏಪ್ರಿಲ್ 8

ಮಗಳೇ,

ಅಮ್ಮ ಏನೂ ಅನ್ನಲಿಲ್ಲ ಎಂಬುದನ್ನು ಓದಿ ಹೋದ ಜೀವ ಬಂದಂತಾಯಿತು. ಅಂದರೆ ಅವಳ ಸಿಟ್ಟು ಇಳಿದಿದೆ.

ಗುಂಯ್‌ಗುಡದ ದೀಪ ತಂದೆ. ಮಧ್ಯೆ ಮಧ್ಯೆ ಗೋಡೆ ಇರುವ ತಟ್ಟೆಯನ್ನು ಆಸ್ಪತ್ರೆಯ ಅಡುಗೆಮನೆಯಿಂದ ಕೇಳಿ ತಂದೆ, ಒಂದಕ್ಕೊಂದು ತಾಗುವ ಮಾತೇ ಇಲ್ಲ. ಇಲ್ಲಿ ಎಲ್ಲರಿಗೂ ನಿನ್ನ ವಿಷಯ ಹೇಳಿದ್ದೇನೆ, ಎಲ್ಲರೂ ಕಾಯುತ್ತಿದ್ದಾರೆ. 1:30ಕ್ಕೆ ಸ್ಟೇಷನ್ನಿನಲ್ಲಿ ನಿಂತಿರುತ್ತೇನೆ.

ನಿದ್ದೆ ಬರುತ್ತಿಲ್ಲ. ಈ ವಯಸ್ಸಿನಲ್ಲಿ ಇದೇನು ಸಡಗರವೋ!

ದೊಡ್ಡಮ್ಮ


ಏಪ್ರಿಲ್ 20

ದೊಡ್ಡಮ್ಮನಿಗೆ ನಮಸ್ಕಾರ.

ನಾನು ಮನೆಗೆ ಬಂದು ಮೂರು ದಿನವಾಯಿತು. ಕಿವಿಯಲ್ಲಿ ಇನ್ನೂ ದೊಪ್ಪೆನ್ನುತ್ತಿದೆ. ನಿಮ್ಮ ಮನೆಯಲ್ಲಿದ್ದಾಗ ನೀವು ದಾರಿಯ ಬಗ್ಗೆ ಏನೂ ಕೇಳಲಿಲ್ಲ, ನನಗೂ ಮಿಷನ್ ಬಿಟ್ಟು ಬೇರೇನೂ ಹೇಳಲು ಆಗಲಿಲ್ಲ. ಈಗ ಕ್ರಮವಾಗಿ ಬರೆಯುತ್ತೇನೆ.

ಮೊದಲ ರೈಲು ಎರಡು ನಿಮಿಷ ಮುಂಚೆಯೇ ಜಂಕ್ಷನ್ನಿಗೆ ಬಂತು. ಅಲ್ಲಿ ಒಬ್ಬರು ನೆಲ ಉಜ್ಜುವ ಮಿಷನ್ ಓಡಿಸುತ್ತಿದ್ದರು. ಅದರ ಕೆಳಗೆ ಒಂದು ದೊಡ್ಡ ದುಂಡು ಬ್ರಷ್ಷು! ಅದು ಸುತ್ತುತ್ತಾ ಹೋದಲ್ಲೆಲ್ಲ ನೆಲದ ಮೇಲೆ ಒದ್ದೆಯ ಉಂಗುರಗಳು. ನನಗೆ ಸಮಯವಿತ್ತು. ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತು ನೋಡಿದೆ. ಖುಷಿಯಾಯಿತು, ಕೈಗಳು ಆಡಿದವು.

ದೊಡ್ಡ ಕೈಚೀಲದ ಒಬ್ಬ ಹೆಂಗಸು ಬಂದು ‘ಯಾರ ಜೊತೆ ಬಂದಿದೀಯಮ್ಮ?’ ಎಂದರು.

‘ಯಾರ ಜೊತೇನೂ ಇಲ್ಲ.’

‘ಅಯ್ಯೋ ಪಾಪ!’ ಎಂದು ಅವರು ಎಷ್ಟು ಜೋರಾಗಿ ಕೂಗಿದರೆಂದರೆ ಇನ್ನೂ ನಾಲ್ಕು ಜನ ಬಂದರು. ಒಬ್ಬರು ಬಿಸ್ಕತ್ತು ಕೊಟ್ಟರು. ಒಬ್ಬರು ‘ಹೆಸ್ರು ಹೇಳು ಪುಟ್ಟಾ, ಹೆ-ಸ-ರು’ ಎಂದು ಒಂದೊಂದೇ ಅಕ್ಷರ ಬಿಡಿಸಿ ಕೇಳಿದರು. ನಾನು ಶಾಲೆಯಲ್ಲಿ ವ್ಯಾಕರಣಕ್ಕೆ ಮೊದಲನೆಯವಳು. ಒಬ್ಬ ಯುವಕ ಫೋನ್ ಹಿಡಿದು ವಿಡಿಯೋ ಮಾಡತೊಡಗಿದ. ಯಾರೋ ‘ಇಂಥ ಮಕ್ಕಳನ್ನ ಬೀದಿಗೆ ಬಿಟ್ಟಿದಾಳಲ್ಲ, ಅವಳೆಂಥ ತಾಯಿ?’ ಎಂದರು. ‘ನನ್ನ ಅಮ್ಮ ಒಳ್ಳೆಯ ತಾಯಿ, ನನ್ನ ರೈಲು 10:50ಕ್ಕೆ’ ಎಂದು ಹೇಳಬೇಕೆಂದುಕೊಂಡೆ. ಅಷ್ಟರಲ್ಲಿ ಕೈಚೀಲದವರು ನನ್ನ ಮೊಣಕೈ ಹಿಡಿದುಕೊಂಡರು. ಮಾತು ಹೊರಟುಹೋಯಿತು. ಕಿವಿಗೆ ಮುಚ್ಚಳ ಹಾಕಿಕೊಂಡು ಗುನುಗಲು ಶುರು ಮಾಡಿದೆ. ‘ನೋಡಿ, ನೋಡಿ, ಏನೋ ಆಗ್ತಿದೆ’ ಎಂದರು. ಏನೂ ಆಗುತ್ತಿರಲಿಲ್ಲ. ನಾನು ಸರಿಹೋಗುತ್ತಿದ್ದೆ.

ನೆಲ ಉಜ್ಜುವವರು ಮಿಷನ್ ನಿಲ್ಲಿಸಿ ಹತ್ತಿರ ಬಂದರು. ಮುಟ್ಟಲಿಲ್ಲ. ‘ಎಲ್ಲಿಗೆ ಹೋಗ್ಬೇಕಮ್ಮ?’ ಎಂದರು. ನಾನು ನಾಲ್ಕು ಬೆರಳು ತೋರಿಸಿದೆ. ‘ನಾಲ್ಕನೇ ಪ್ಲಾಟ್‌ಫಾರ್ಮ್, ಅಲ್ವಾ? ಅದೋ, ಆ ಮೆಟ್ಟಿಲು ಹತ್ತು.’ ದೊಡ್ಡಮ್ಮ, ಎಲ್ಲರೂ ಎಲ್ಲಿಂದ ಬಂದೆ, ಯಾರ ಜೊತೆ ಬಂದೆ ಎಂದೇ ಕೇಳಿದರು. ಎಲ್ಲಿಗೆ ಹೋಗಬೇಕು ಎಂದು ಕೇಳಿದವರು ಅವರೊಬ್ಬರೇ.

ಆದರೆ ಕೈಚೀಲದವರು ‘ನೀವು ಸುಮ್ನಿರ್ರಿ, ನಿಮಗೇನ್ ಗೊತ್ತು’ ಎಂದು ಅವರನ್ನು ಗದರಿಸಿ ನನ್ನನ್ನು ಸ್ಟೇಷನ್ ಅಧಿಕಾರಿಯ ಕೋಣೆಗೆ ಕರೆದುಕೊಂಡು ಹೋದರು. ನಾನು ಚೀಟಿ ಕೊಟ್ಟೆ. ಅಧಿಕಾರಿ ಅದನ್ನು ಓದಿ ನಿಮಗೆ ಫೋನ್ ಮಾಡಿದರು. ಆಮೇಲೆ ಅಮ್ಮನ ಅಂಗಡಿಗೆ ಮಾಡಿದರು. ಅಷ್ಟರಲ್ಲಿ 10:50ರ ರೈಲು ಹೋಯಿತು. ಕಿಟಕಿಯಿಂದ ನೋಡಿದೆ. ಒಂಬತ್ತು ಬೋಗಿ.

ಅಮ್ಮನಿಗೆ ನಾನು ಹೇಳಿರಲಿಲ್ಲ. ಅಡುಗೆಮನೆಯ ಮೇಜಿನ ಮೇಲೆ ಲೋಟದ ಕೆಳಗೆ ಕಾಗದ ಬರೆದಿಟ್ಟಿದ್ದೆ. ಮುಂಚೆ ಕೇಳಿದ್ದರೆ ‘ಮುಂದಿನ ವರ್ಷ’ ಎನ್ನುತ್ತಿದ್ದಳು. ಮೂರು ವರ್ಷದಿಂದ ಮುಂದಿನ ವರ್ಷವೇ ಆಗಿದೆ. ನೀವು ‘ಅಮ್ಮ ಏನಂದಳು’ ಎಂದು ಕೇಳಿದಿರಿ. ‘ಅಮ್ಮನಿಗೆ ಹೇಳಿದೆಯಾ’ ಎಂದು ಕೇಳಲಿಲ್ಲ. ಎಲ್ಲಿ ಕೇಳಿಬಿಡುತ್ತೀರೋ ಎಂದು ಹೆದರಿದ್ದೆ. ಇದು ತಪ್ಪು. ತಪ್ಪೆಂದು ಆಗಲೂ ಗೊತ್ತಿತ್ತು.

ಅಮ್ಮ ಫೋನಿನಲ್ಲಿ ಅಧಿಕಾರಿ ಹೇಳಿದ್ದನ್ನೆಲ್ಲ ಕೇಳಿಸಿಕೊಂಡಳು. ಆಮೇಲೆ ‘ಅವಳಿಗೆ ಫೋನ್ ಕೊಡಿ’ ಎಂದಳು. ನನಗೆ ಮಾತು ಅರ್ಧ ಬಂದಿತ್ತು.

‘ಪೆಟ್ಟಾಗಿದೆಯಾ?’

‘ಇಲ್ಲ.’

‘ನೀರಿದೆಯಾ?’

‘ಇದೆ.’

‘ಮುಂದಿನ ರೈಲು ಎಷ್ಟಕ್ಕೆ?’

‘1:15. ನಾಲ್ಕನೇ ಪ್ಲಾಟ್‌ಫಾರ್ಮ್.’

‘ಹೋಗ್ತೀಯಾ, ವಾಪಸ್ ಬರ್ತೀಯಾ?’

‘ಹೋಗ್ತೀನಿ.’

‘ಹೋಗು. ಪ್ರತಿ ಸ್ಟೇಷನ್ನಿಗೂ ಮೆಸೇಜ್ ಮಾಡು. ಮನೆಗೆ ಬಾ, ಆಮೇಲಿದೆ ನಿನಗೆ.’

ಅಧಿಕಾರಿ ಫೋನ್ ತೆಗೆದುಕೊಂಡು ‘ಏನಮ್ಮಾ, ಹೀಗೆ ಒಬ್ಬಳನ್ನೇ ಕಳಿಸೋದಾ? ಏನಾದ್ರೂ ಆದ್ರೆ ಯಾರು ಜವಾಬ್ದಾರಿ?’ ಎಂದರು. ಅಮ್ಮ, ‘ಹದಿನಾರು ವರ್ಷದಿಂದ ನಾನೇ. ಅವಳ ಹತ್ರ ಟಿಕೆಟ್ ಇದೆ ಸಾರ್. ಟಿಕೆಟ್ ಇದ್ದೋರನ್ನ ನಿಮ್ ಸ್ಟೇಷನ್ನಲ್ಲಿ ರೈಲು ಹತ್ತಿಸೋಲ್ವಾ?’ ಎಂದಳು. ಅವರು ಟೋಪಿ ತೆಗೆದು ತಲೆ ಕೆರೆದುಕೊಂಡರು. ಆಮೇಲೆ ಅವರೇ ನನ್ನ ಟಿಕೆಟ್ಟನ್ನು 1:15ರ ರೈಲಿಗೆ ಬದಲಾಯಿಸಿ ಕೊಟ್ಟರು.

ಆ ರೈಲಿನಲ್ಲಿ ಇಡೀ ದಾರಿ ನನಗೆ ಚಿಂತೆ, ನಾಲ್ಕಕ್ಕೆ ಮಿಷನ್ನು ನಿಲ್ಲುತ್ತದೆ. 3:55ಕ್ಕೆ ಇಳಿದು ಓಡಿದೆ. ನಿಮ್ಮ ಲಾಂಡ್ರಿಯ ಬಾಗಿಲಿಗೆ ಬಂದಾಗ 4:07. ಎಲ್ಲ ನಿಂತುಹೋಗಿತ್ತು. ಮುಂದಿನದು ನಿಮಗೇ ಗೊತ್ತು. ನೀವು ನನ್ನನ್ನು ನೋಡಿದ್ದೇ ಮಾರನೆಯ ದಿನದ ನೂರಿಪ್ಪತ್ತು ಕಿಲೋ ಹಾಸುವಸ್ತ್ರಗಳನ್ನು ತರಿಸಿ ತುಂಬಿಸಿದಿರಿ. ಆ ಗುಂಡಿಯನ್ನು ನನ್ನ ಕೈಯಲ್ಲೇ ಒತ್ತಿಸಿದಿರಿ! ಹನ್ನೆರಡು, ಮೂರು, ಹನ್ನೆರಡು. ಆ ಕಿಟಕಿಗೆ ಕೆನ್ನೆ ಇಟ್ಟರೆ ಹಲ್ಲಿನೊಳಗೂ ತಿರುಗುತ್ತದೆ.

ಮಾರನೆಯ ದಿನ ಅಮ್ಮ ನಮ್ಮ ಸ್ಟೇಷನ್ನಿನಲ್ಲಿ ನಿಂತಿದ್ದಳು. ಎರಡು ದಿನ ಬೈದಳು. ಮೂರನೆಯ ದಿನ ‘ಆ ಮಿಷನ್ ಹೆಂಗಿತ್ತು ಹೇಳು’ ಎಂದಳು.

ಆ ಯುವಕನ ವಿಡಿಯೋ ಎಲ್ಲರ ಫೋನಿಗೂ ಬಂದಿದೆ. ‘ತಪ್ಪಿಸಿಕೊಂಡ ಬುದ್ಧಿಮಾಂದ್ಯ ಹುಡುಗಿ, ಕಾಪಾಡಿದ ಜನ’ ಎಂದು ಹೆಸರು ಹಾಕಿದ್ದಾನೆ. ಕಣ್ಣೀರಿನ ಚಿತ್ರಗಳು ಎರಡು ಸಾವಿರ. ನಾನು ಕೆಳಗೆ ಬರೆದೆ: ‘ಆ ಹುಡುಗಿ ನಾನೇ. ನಾನು ತಪ್ಪಿಸಿಕೊಂಡಿರಲಿಲ್ಲ. ನೀವೆಲ್ಲ ಸೇರಿ ನನ್ನ ರೈಲು ತಪ್ಪಿಸಿದಿರಿ.’ ಅದಕ್ಕೆ ನೂರಾ ಹನ್ನೊಂದು ಜನ ನಕ್ಕಿದ್ದಾರೆ, ಮೂರು ಜನ ಕ್ಷಮೆ ಕೇಳಿದ್ದಾರೆ. ಕೈಚೀಲದವರು ಇದ್ದರೋ ಇಲ್ಲವೋ ತಿಳಿಯದು.

ಗಿರಗಿಟ್ಲೆ


ಏಪ್ರಿಲ್ 30

ಗಿರಗಿಟ್ಲೆ,

ಇದನ್ನು ನೀನು ನನ್ನ ಮನೆಯಲ್ಲಿದ್ದಾಗಲೇ ಹೇಳಬೇಕಿತ್ತು. ಊಟಕ್ಕೆ ಕೂತಾಗ ಬಾಯಿಗೆ ಬಂತು. ನೀನು ತಟ್ಟೆಯ ಗೋಡೆಗಳನ್ನು ಮೆಚ್ಚಿಕೊಂಡು ‘ಇದು ಬಹಳ ಒಳ್ಳೆಯ ತಟ್ಟೆ ದೊಡ್ಡಮ್ಮ’ ಎಂದೆ. ನಾನು ಇನ್ನೊಂದು ಸೌಟು ಅನ್ನ ಬಡಿಸಿದೆ.

ನಿನ್ನ ರೈಲು ತಪ್ಪಿಸಿದ್ದು ಕೈಚೀಲದವಳಲ್ಲ. ನಾನು.

ಆ ಅಧಿಕಾರಿ ಫೋನ್ ಮಾಡಿದಾಗ ಹತ್ತೂವರೆ. ನಿನ್ನ ರೈಲಿಗೆ ಇನ್ನೂ ಇಪ್ಪತ್ತು ನಿಮಿಷವಿತ್ತು. ಆತ ಕೇಳಿದ್ದು ಒಂದೇ ಮಾತು, ‘ಇವಳು ನಿಮ್ಮ ಮನೆಗೆ ಬರ್ತಿದೀನಿ ಅಂತ ಚೀಟಿ ತೋರಿಸ್ತಾಳೆ, ನಿಜಾನಾ? ಬಿಡಬಹುದಾ?’ ಹೂಂ ಎಂದಿದ್ದರೆ ಮುಗಿದಿತ್ತು. ಹಿಂದೆ ಜನರ ಗದ್ದಲ ಕೇಳಿಸುತ್ತಿತ್ತು. ಇಲ್ಲಿ ನನ್ನ ಸುತ್ತ ಆರು ಜನ ಕೆಲಸ ಬಿಟ್ಟು ನನ್ನ ಮುಖ ನೋಡುತ್ತಿದ್ದರು. ನನಗೆ ಚಪ್ಪಲಿ ಅಂಗಡಿ ಕಣ್ಣಿಗೆ ಕಟ್ಟಿತು. ನಾನು ಹೇಳಿದೆ, ‘ಇಲ್ಲ ಸಾರ್, ಅವಳಿಗೆ ಸರಿಯಿಲ್ಲ. ಏನೂ ತಿಳಿಯಲ್ಲ ಅವಳಿಗೆ. ದಯವಿಟ್ಟು ಹೊರಗೆ ಬಿಡಬೇಡಿ, ಅವಳಮ್ಮನಿಗೆ ಫೋನ್ ಮಾಡಿ ವಾಪಸ್ ಕಳಿಸಿ.’ ನಂಬರೂ ನಾನೇ ಕೊಟ್ಟೆ. ಫೋನ್ ಇಟ್ಟ ಮೇಲೆ ಇಸ್ತ್ರಿಯ ಹೆಂಗಸು ‘ಯಾರಕ್ಕಾ?’ ಎಂದಳು. ‘ಯಾರೋ, ರಾಂಗ್ ನಂಬರ್’ ಎಂದೆ.

ಅದೊಂದೇ ಸುಳ್ಳಲ್ಲ. ಇಲ್ಲಿ ಎಲ್ಲರಿಗೂ ಹೇಳಿದ್ದೇನೆ ಎಂದು ಬರೆದಿದ್ದೆನಲ್ಲ, ಒಬ್ಬರಿಗೂ ಹೇಳಿರಲಿಲ್ಲ. ನನಗೊಬ್ಬಳು ತಂಗಿಯ ಮಗಳಿದ್ದಾಳೆ ಎಂಬುದೇ ಇಲ್ಲಿ ಗೊತ್ತಿರಲಿಲ್ಲ. ನಿನ್ನನ್ನು ಊಟದ ಹೊತ್ತಿಗೆ ಕರೆತಂದು, ಯಾರೂ ಇಲ್ಲದಾಗ ತೋರಿಸಿ ಕಳಿಸೋಣ ಎಂದುಕೊಂಡಿದ್ದೆ. ನಿಮ್ಮಮ್ಮನಿಗೆ ನಾನೇ ಒಂದು ಫೋನ್ ಮಾಡಿ ಕೇಳಿದ್ದರೆ ಎಲ್ಲ ಅಲ್ಲೇ ಸರಿಹೋಗುತ್ತಿತ್ತು. ಅದಕ್ಕೂ ಮುಖವಿರಲಿಲ್ಲ. ‘ಅಮ್ಮ ಏನೂ ಅನ್ನಲಿಲ್ಲ’ ಎಂದು ನೀನು ಬರೆದ ಆ ಒಂದು ಸಾಲಿಗೆ ಜೋತುಬಿದ್ದೆ.

ನಾಲ್ಕು ಗಂಟೆಗೆ ಎಲ್ಲ ಆರಿಸಿ, ಕೈ ತೊಳೆಯುತ್ತಾ, ಪೀಡೆ ಕಳೆಯಿತು ಎಂದುಕೊಳ್ಳುತ್ತಿದ್ದೆ. ಹೌದು, ಹಾಗೇ ಅಂದುಕೊಂಡೆ, ಮುಚ್ಚಿಡುವುದಿಲ್ಲ. ಆಗ ಬಾಗಿಲಲ್ಲಿ ನೀನು! ಬೆವತು, ಏದುಸಿರು ಬಿಡುತ್ತಾ, ಕಿವಿಗೆ ಆ ದೊಡ್ಡ ಮುಚ್ಚಳ. ‘ನಿಂತೋಯ್ತಾ?’ ಎಂದು ನೀನು ಕೇಳಿದೆ. ನಿನ್ನ ಮುಖ ನೋಡಿ, ನಲ್ಲಿ ನಿಲ್ಲಿಸಿ, ಒದ್ದೆ ಕೈಯಲ್ಲೇ ನಿನ್ನ ಪಕ್ಕಕ್ಕೆ ಬಂದು ನಿಂತೆ ಮಗಳೇ. ಇಸ್ತ್ರಿಯವಳು ‘ಯಾರಕ್ಕಾ ಇದು?’ ಎಂದಳು. ಎಲ್ಲರೂ ನೋಡುತ್ತಿದ್ದರು. ನಿನ್ನ ಕೈಗಳು ಆಗಲೇ ಹಾರುತ್ತಿದ್ದವು. ‘ನನ್ನ ತಂಗಿ ಮಗಳು. ಈ ಮಿಷನ್ ನೋಡೋಕೆ ಆರು ಗಂಟೆ ದಾರಿ ಒಬ್ಬಳೇ ಬಂದಿದಾಳೆ. ನಾಳೆಯ ಬಟ್ಟೆ ಈಗಲೇ ತನ್ನಿ’ ಎಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು.

ಆಮೇಲೆ ನೋಡಿದೆಯಲ್ಲ, ಅವರೆಲ್ಲ ಮನೆಗೆ ಹೋಗದೆ ನಿನ್ನ ಹಿಂದೆ ನಿಂತು ಸುತ್ತು ಎಣಿಸಿದರು. ಈಗ ದಿನಾ ಊಟದ ಹೊತ್ತಿಗೆ ಕಿಟಕಿಯ ಮುಂದೆ ಜಾಗ ಸಿಗುವುದಿಲ್ಲ.

ಬೈಯಬೇಕೆನಿಸಿದರೆ ಬೈದು ಬರೆ. ಬರೆಯದೆ ಮಾತ್ರ ಇರಬೇಡ.

ದೊಡ್ಡಮ್ಮ


ಮೇ 4

ದೊಡ್ಡಮ್ಮನಿಗೆ ನಮಸ್ಕಾರ.

ನನಗೆ ಗೊತ್ತಿತ್ತು. ಅಧಿಕಾರಿ ಏನೋ ಬರೆದುಕೊಳ್ಳುತ್ತಿದ್ದರು, ಕೈ ಬಿಡುವಿರಲಿಲ್ಲ. ಫೋನನ್ನು ಮೇಜಿನ ಮೇಲಿಟ್ಟು ಸ್ಪೀಕರ್ ಹಾಕಿದ್ದರು. ನೀವು ಹೇಳಿದ್ದೆಲ್ಲ ಕೇಳಿಸಿತು.

ಬೇಜಾರಾಯಿತು. ಜನ ಅಂದದ್ದಕ್ಕಿಂತ ಜಾಸ್ತಿ ಆಯಿತು. 1:15ರ ರೈಲಿನಲ್ಲಿ ಎರಡು ಗಂಟೆ ನಲವತ್ತು ನಿಮಿಷ ಅದನ್ನೇ ಯೋಚಿಸಿದೆ. ಕಾಗದದಲ್ಲಿ ಬಾ ಎಂದವರೂ ನೀವೇ, ಫೋನಿನಲ್ಲಿ ಬಿಡಬೇಡಿ ಎಂದವರೂ ನೀವೇ. ಇದರಲ್ಲಿ ಯಾವುದು ನಿಜವಾದ ದೊಡ್ಡಮ್ಮ ಎಂಬುದು ರೈಲಿನಲ್ಲಿ ಕೂತರೆ ಗೊತ್ತಾಗುವುದಿಲ್ಲ. ಬಂದೇ ನೋಡಬೇಕಿತ್ತು. ಅದಕ್ಕೇ ವಾಪಸ್ ಹೋಗದೆ ಬಂದೆ. ಮಿಷನ್ನಿಗೋಸ್ಕರವೂ ಬಂದೆ, ಸುಳ್ಳು ಹೇಳುವುದಿಲ್ಲ.

ಬಂದು ನೋಡಿದೆ. ಗೊತ್ತಾಯಿತು. ಆದ್ದರಿಂದ ನಾನು ಕೇಳಲಿಲ್ಲ.

ಆದರೆ ಅಮ್ಮನಿಗೆ ಗೊತ್ತಾಗಿಲ್ಲ. ಅವಳು ಬಾಗಿಲಲ್ಲಿ ನಿಂತು ನಿಮ್ಮನ್ನು ನೋಡಿಲ್ಲವಲ್ಲ. ಅಧಿಕಾರಿ ಅವಳಿಗೆ ‘ನಿಮ್ಮಕ್ಕ ಹೀಗಂದ್ರು’ ಎಂದು ಎಲ್ಲ ಹೇಳಿದ್ದಾರೆ. ಅವಳು ಆ ಮಾತು ಎತ್ತುವುದಿಲ್ಲ, ಕನ್ನಡಕ ಒರೆಸುತ್ತಾಳೆ. ನಿಮ್ಮ ಕೊನೆಯ ಕಾಗದವನ್ನು ನಾನು ಅವಳಿಗೆ ತೋರಿಸಿಲ್ಲ. ಅದನ್ನು ನೀವೇ ಬಾಯಲ್ಲಿ ಹೇಳಬೇಕು, ಅವಳು ನಿಮ್ಮ ಮುಖ ನೋಡುವಾಗ. ಮೇ 18 ಭಾನುವಾರ, ಅಮ್ಮನಿಗೆ ರಜೆ. ‘ದೊಡ್ಡಮ್ಮ ಬರಬಹುದಾ’ ಎಂದು ಕೇಳಿದೆ. ಒರೆಸುತ್ತಿದ್ದ ಕನ್ನಡಕವನ್ನು ಹಾಕಿಕೊಂಡು ‘ಊಟಕ್ಕಾ, ಉಳ್ಕೊಳ್ಳೋಕಾ?’ ಎಂದಳು. ನಾನು ಉಳಿದುಕೊಳ್ಳುವುದಕ್ಕೆ ಎಂದು ಹೇಳಿದ್ದೇನೆ.

ನೀವು ಈ ಕಡೆಗೆ ಆರು ವರ್ಷದಿಂದ ಬಂದಿಲ್ಲ, ಆದ್ದರಿಂದ ದಾರಿ ಬರೆಯುತ್ತೇನೆ. ಬೆಳಿಗ್ಗೆ 8:20ರ ರೈಲು, ಕಿಟಕಿ ಬೇಕಿದ್ದರೆ ಎಡಗಡೆ ಕೂರಿ. ಜಂಕ್ಷನ್ನಿನಲ್ಲಿ ಐವತ್ತು ನಿಮಿಷ ಕಾಯಬೇಕು, ಆಮೇಲೆ ಎರಡನೇ ಪ್ಲಾಟ್‌ಫಾರ್ಮು. ಸ್ಟೇಷನ್ನಿನ ಹೊರಗೆ ಹದಿನಾಲ್ಕನೇ ನಂಬರಿನ ಬಸ್ಸು, ಏಳನೇ ನಿಲ್ದಾಣ. ಒಬ್ಬರೇ ಬರುವುದಕ್ಕೆ ಹೆದರಬೇಡಿ. ದಾರಿಯಲ್ಲಿ ಏನಾದರೂ ಗೊತ್ತಾಗದಿದ್ದರೆ ಒಂದು ಕಡೆ ಸುಮ್ಮನೆ ನಿಂತುಕೊಳ್ಳಿ, ಸಾಕು. ಜನ ತುಂಬ ಒಳ್ಳೆಯವರು ದೊಡ್ಡಮ್ಮ. ಬೇಡವೆಂದರೂ ಸಹಾಯ ಮಾಡುತ್ತಾರೆ.

ಗಿರಗಿಟ್ಲೆ